ಆಯುಧ ಸಾಲ ಸಿಕ್ಕಿತು, ಆಳುಗಳು ಎಲ್ಲಿಂದ ಬಂದರು?

ಪ್ರಶ್ನೆ: ಪೋಲೆಂಡ್ 1939ರಲ್ಲೇ ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ ಪಾಲಾಯಿತು ಎಂದು ಓದಿದ್ದೇನೆ. ಆದರೆ 1944ರಲ್ಲಿ ಇಟಲಿಯ ಮಾಂಟೆ ಕ್ಯಾಸಿನೊ ಬೆಟ್ಟವನ್ನು ಹಿಡಿದದ್ದು ಪೋಲಿಷ್ ಸೈನ್ಯ ಎನ್ನುತ್ತಾರೆ. ದೇಶವೇ ಕೈತಪ್ಪಿದ ಮೇಲೆ ಆ ಸೈನ್ಯ ಎಲ್ಲಿಂದ ಬಂತು? ಬಂದೂಕು, ಟ್ಯಾಂಕುಗಳನ್ನು ಕೊಟ್ಟವರು ಯಾರು? ಅವರ ಜನರಲ್‌ಗಳ ಮಾತಿಗೆ ಬೆಲೆ ಇತ್ತೇ, ಇಲ್ಲ ಬ್ರಿಟಿಷರ ಅಪ್ಪಣೆಯೇ ಅಂತಿಮವೇ? ಸತ್ತವರ ಜಾಗಕ್ಕೆ ಹೊಸ ಸೈನಿಕರು ಎಲ್ಲಿಂದ ಬರುತ್ತಿದ್ದರು?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ನಾನು ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಪ್ರಶ್ನೆಗಳೆಲ್ಲ ಅದಕ್ಕೇ ಜೋತುಬಿದ್ದಿವೆ.

ನೆಲ ಇರುವ ದೇಶಕ್ಕೆ ಸೈನಿಕರ ಬೆಳೆ ವರ್ಷವರ್ಷವೂ ಬರುತ್ತದೆ. ಪ್ರತಿ ಊರಲ್ಲೂ ಒಂದಷ್ಟು ಹುಡುಗರಿಗೆ ಹದಿನೆಂಟು ತುಂಬುತ್ತದೆ, ಸರ್ಕಾರ ಅವರನ್ನು ಕರೆಸಿಕೊಳ್ಳುತ್ತದೆ. ದೇಶ ಬಿಟ್ಟು ಬಂದು ಲಂಡನ್ನಿನಲ್ಲಿ ಕುಳಿತ ಪೋಲಿಷ್ ಸರ್ಕಾರಕ್ಕೆ ಹಾಗೆ ಕರೆಸಿಕೊಳ್ಳಲು ಒಂದು ಹಳ್ಳಿಯೂ ಉಳಿದಿರಲಿಲ್ಲ. ರೈಫಲ್, ಟ್ಯಾಂಕ್, ಬೂಟು, ಬ್ರೆಡ್ಡು ಎಲ್ಲವನ್ನೂ ಸಾಲವಾಗಿ ತರಬಹುದಿತ್ತು, ಮನುಷ್ಯರನ್ನು ಮಾತ್ರ ತರುವಂತಿರಲಿಲ್ಲ. ಪೋಲಿಷ್ ಮತ್ತು ಬ್ರಿಟಿಷ್ ಸೇನಾಧಿಕಾರಿಗಳ ನಡುವೆ ಐದು ವರ್ಷ ನಡೆದ ಮಾತುಕತೆಗಳನ್ನು ಓದುತ್ತಾ ಹೋದರೆ, ಯಾವ ವಿಷಯದಿಂದ ಶುರುವಾದರೂ ಮಾತು ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ: ನಿಮ್ಮಲ್ಲಿ ಎಷ್ಟು ಜನ ಇದ್ದಾರೆ, ಇವರು ತೀರಿದರೆ ಮುಂದೇನು?

ಫ್ರಾನ್ಸಿನಲ್ಲಿ 1940ರ ಹೊತ್ತಿಗೆ ಎಂಬತ್ತು ಸಾವಿರಕ್ಕೂ ಹೆಚ್ಚು ಪೋಲಿಷ್ ಸೈನಿಕರು ಸೇರಿದ್ದರು. ಫ್ರಾನ್ಸ್ ಸೋತಾಗ ಅವರಲ್ಲಿ ಬ್ರಿಟನ್ ತಲುಪಿದವರು ಇಪ್ಪತ್ತರಿಂದ ಮೂವತ್ತು ಸಾವಿರ. 1940ರ ಆಗಸ್ಟ್ 5ರಂದು ಎರಡೂ ಸರ್ಕಾರಗಳು ಸೇನಾ ಒಪ್ಪಂದಕ್ಕೆ ಸಹಿ ಹಾಕಿದವು. ಪೋಲಿಷ್ ಪಡೆ ಬ್ರಿಟಿಷ್ ಸೈನ್ಯದ ಒಂದು ತುಂಡಲ್ಲ, ಸ್ವತಂತ್ರ ದೇಶವೊಂದರ ಸೈನ್ಯ ಎಂಬುದು ಅದರ ಸಾರ. ಸೈನಿಕರು ಪ್ರಮಾಣ ಸ್ವೀಕರಿಸುವುದು ಪೋಲೆಂಡಿಗೆ, ಟೋಪಿಯ ಮೇಲೆ ಪೋಲಿಷ್ ಹದ್ದು, ಶಿಸ್ತಿಗೆ ಪೋಲಿಷ್ ಕಾನೂನು. ಖರ್ಚು ಬ್ರಿಟನ್ ಕೊಡುವ ಸಾಲದಿಂದ. ರಣರಂಗಕ್ಕೆ ಇಳಿದಾಗ ಮಾತ್ರ ಬ್ರಿಟಿಷ್ ಸೇನಾಪತಿಯ ಆಜ್ಞೆ.

ಈ ಪಡೆ ತಂಗಿದ್ದ ಸ್ಕಾಟ್ಲೆಂಡಿನಲ್ಲಿ ಆಗ ಒಂದು ವಿಚಿತ್ರ ಕೊರತೆ ಎದುರಾಯಿತು. ಪಾರಾಗಿ ಬಂದವರಲ್ಲಿ ಅಧಿಕಾರಿಗಳು ವಿಪರೀತ ಜಾಸ್ತಿ, ಸಾಮಾನ್ಯ ಸಿಪಾಯಿಗಳು ಕಡಿಮೆ. ಮೇಜರ್, ಕ್ಯಾಪ್ಟನ್ ಆಗಿದ್ದವರು ಬ್ರಿಟನ್ನಿನ ಕರಾವಳಿ ಕಾಯುವ ಶಸ್ತ್ರಸಜ್ಜಿತ ರೈಲುಗಳಲ್ಲಿ ಸಿಪಾಯಿಗಳಂತೆ ಫಿರಂಗಿಯ ಹಿಂದೆ ನಿಂತರು. ಆಳುಗಳು ಮುಂದೆ ಎಂದಾದರೂ ಸಿಕ್ಕಿಯಾರು ಎಂಬ ನಂಬಿಕೆಯಲ್ಲಿ ಬರೀ ಅಧಿಕಾರಿಗಳಿಂದಲೇ ಬ್ರಿಗೇಡುಗಳ (ಕೆಲವು ಸಾವಿರ ಸೈನಿಕರ ತುಕಡಿಗಳ) ಚೌಕಟ್ಟು ಕಟ್ಟಿ ಇಟ್ಟುಕೊಂಡರು.

ಆ ಆಳುಗಳು ಇದ್ದದ್ದು ಸೋವಿಯತ್ ಒಕ್ಕೂಟದಲ್ಲಿ. 1939ರ ಸೆಪ್ಟೆಂಬರ್ 17ರಂದು ಪೂರ್ವ ಪೋಲೆಂಡನ್ನು ಆಕ್ರಮಿಸಿದ ಸ್ಟಾಲಿನ್ ಲಕ್ಷಾಂತರ ಜನರನ್ನು ಸೈಬೀರಿಯಕ್ಕೆ, ಕಜಕ್‌ಸ್ತಾನಕ್ಕೆ, ಉತ್ತರದ ಶಿಬಿರಗಳಿಗೆ ಸಾಗಿಸಿದ್ದ. 1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾದ ಮೇಲೆ ಬಿದ್ದಾಗ ಹಳೆಯ ಶತ್ರು ಹೊಸ ಮಿತ್ರನಾದ. ಪೋಲಿಷ್ ಪ್ರಧಾನಿಯೂ ಸರ್ವಸೇನಾಧಿಪತಿಯೂ ಆಗಿದ್ದ ಸಿಕೋರ್ಸ್ಕಿ ಜುಲೈ 30ರಂದು ಲಂಡನ್ನಿನಲ್ಲಿ ಸೋವಿಯತ್ ರಾಯಭಾರಿಯೊಂದಿಗೆ, ಸೆರೆಯಲ್ಲಿದ್ದ ಪೋಲಿಷರನ್ನು ಬಿಡಿಸಿ ಅಲ್ಲೇ ಸೈನ್ಯ ಕಟ್ಟುವ ಒಪ್ಪಂದ ಮಾಡಿಕೊಂಡರು. ಮಾಸ್ಕೋದ ಲುಬ್ಯಾಂಕಾ ಜೈಲಿನಲ್ಲಿದ್ದ ಜನರಲ್ ವ್ಲಾಡಿಸ್ಲಾವ್ ಆಂಡರ್ಸ್ ಆಗಸ್ಟ್ 4ರಂದು ಹೊರಬಂದರು. ಕೆಲವೇ ದಿನಗಳಲ್ಲಿ ಅವರು ಒಂದು ಸೈನ್ಯದ ದಂಡನಾಯಕರು.

ಆ ಸೈನ್ಯಕ್ಕೆ ಸೇರಲು ಬಂದವರ ಚಿತ್ರ ಒಮ್ಮೆ ಕಣ್ಣಮುಂದೆ ಬಂದರೆ ಮರೆಯುವುದು ಕಷ್ಟ. ಚಳಿಗಾಲ, ರಷ್ಯಾದ ಬುಜುಲುಕ್ ಮತ್ತು ತೋತ್ಸ್‌ಕೋಯೆಯ ಬಯಲಿನಲ್ಲಿ ಡೇರೆಗಳು. ಸಾವಿರಾರು ಮೈಲಿ ದಾಟಿ ಬಂದ ಮೂಳೆ ಚಕ್ಕಳದ ಮನುಷ್ಯರು, ಕಾಲಿಗೆ ಚಿಂದಿ ಸುತ್ತಿಕೊಂಡವರು, ಜೊತೆಗೆ ಹೆಂಡತಿ ಮಕ್ಕಳು. ಟೈಫಸ್ ಜ್ವರ ಡೇರೆಯಿಂದ ಡೇರೆಗೆ ಹಬ್ಬುತ್ತಿತ್ತು. ಸಮವಸ್ತ್ರ ಬಂದದ್ದು ಬ್ರಿಟನ್ನಿನಿಂದ ಹಡಗಿನಲ್ಲಿ. ಸೋವಿಯತ್ ಕಡೆಯಿಂದ ಆಯುಧ ಬಂದದ್ದು ಒಂದೇ ಒಂದು ಡಿವಿಷನ್ನಿಗೆ (ಕೆಲವು ಬ್ರಿಗೇಡುಗಳು ಸೇರಿದ ದೊಡ್ಡ ಪಡೆಗೆ), ಅದೂ ಪೂರ್ತಿ ಅಲ್ಲ. ಆ ಒಂದನ್ನೇ ತಕ್ಷಣ ರಣರಂಗಕ್ಕೆ ಕಳುಹಿಸಿ ಎಂಬ ಒತ್ತಾಯ ಬಂದಾಗ ಆಂಡರ್ಸ್ ಒಪ್ಪಲಿಲ್ಲ. ಕಳುಹಿಸಿದರೆ ಇಡೀ ಸೈನ್ಯವಾಗಿ, ಬಿಡಿಬಿಡಿಯಾಗಿ ಕರಗಲು ಬಿಡುವುದಿಲ್ಲ ಎಂಬುದು ಅವರ ನಿಲುವು. ನನ್ನ ದೃಷ್ಟಿಯಲ್ಲಿ ಆ ಸೈನ್ಯ ಉಳಿದದ್ದೇ ಈ ಒಂದು ಹಟದಿಂದ.

ಅಧಿಕಾರಿಗಳ ವಿಷಯಕ್ಕೆ ಬಂದರೆ, ಅಲ್ಲಿ ಸ್ಕಾಟ್ಲೆಂಡಿನ ತದ್ವಿರುದ್ಧ. ಸಿಪಾಯಿಗಳು ಬರುತ್ತಿದ್ದರು, ಅಧಿಕಾರಿಗಳೇ ಇಲ್ಲ. 1939ರಲ್ಲಿ ಸೆರೆಯಾದ ಸಾವಿರಾರು ಅಧಿಕಾರಿಗಳು ಎಲ್ಲಿ ಎಂದು 1941ರ ಡಿಸೆಂಬರ್‌ನಲ್ಲಿ ಸಿಕೋರ್ಸ್ಕಿ ಕ್ರೆಮ್ಲಿನ್‌ನಲ್ಲಿ ಸ್ಟಾಲಿನ್‌ನನ್ನೇ ಕೇಳಿದರು. ಅವರು ಓಡಿಹೋಗಿರಬೇಕು, ಮಂಚೂರಿಯಾಕ್ಕೆ ಹೋಗಿರಬಹುದು ಎಂಬ ಉತ್ತರ ಬಂತು. ಆ ಹೊತ್ತಿಗೆ ಅವರಲ್ಲಿ ಬಹುತೇಕರು ರಷ್ಯಾದ ಕತಿನ್ ಕಾಡು ಮತ್ತಿತರ ಕಡೆಗಳ ಗುಂಡಿಗಳಲ್ಲಿದ್ದರು. 1940ರ ವಸಂತದಲ್ಲಿ ಸ್ಟಾಲಿನ್‌ನ ಆಜ್ಞೆಯಂತೆ ಕೊಂದ ಪೋಲಿಷರ ಸಂಖ್ಯೆ ಸುಮಾರು 22,000.

ಆಮೇಲೆ ಪಡಿತರದ ಕತ್ತರಿ ಬಿತ್ತು. 1942ರ ಮಾರ್ಚ್‌ನಲ್ಲಿ ಸೈನ್ಯದಲ್ಲಿದ್ದವರು ಎಪ್ಪತ್ತು ಸಾವಿರದಷ್ಟು. ಇನ್ನು ಮುಂದೆ 26,000 ಜನರಿಗೆ ಮಾತ್ರ ಆಹಾರ ಎಂಬ ಸೂಚನೆ ಬಂತು. ಮಾರ್ಚ್ 18ರಂದು ಆಂಡರ್ಸ್ ಕ್ರೆಮ್ಲಿನ್‌ಗೆ ಹೋದರು. ಅಮೆರಿಕದಿಂದ ಬರಬೇಕಾದ ಗೋಧಿ ಬಂದಿಲ್ಲ ಎಂದ ಸ್ಟಾಲಿನ್. ಚೌಕಾಸಿಯಾಗಿ ಲೆಕ್ಕ 44,000ಕ್ಕೆ ನಿಂತಿತು. ಮಿಕ್ಕವರ ಗತಿ? ಅವರನ್ನು ಇರಾನಿಗೆ ಕಳುಹಿಸಲು ಅನುಮತಿ ಸಿಕ್ಕಿತು. ಒಂದು ಹೊತ್ತಿನ ಊಟದ ಲೆಕ್ಕದಲ್ಲಿ ಒಂದು ಸೈನ್ಯದ ಹಣೆಬರಹ ಬದಲಾಯಿತು ಎಂದರೆ ಉತ್ಪ್ರೇಕ್ಷೆಯಲ್ಲ. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಇನ್ನೊಂದು ಸಲ, ಕ್ರಾಸ್ನೊವೊದ್ಸ್ಕ್ ಬಂದರಿನಿಂದ ಕ್ಯಾಸ್ಪಿಯನ್ ಸಮುದ್ರ ದಾಟಿ ಸುಮಾರು 1,15,000 ಜನ ಇರಾನಿನ ಪಹ್ಲವಿ ಬಂದರಿಗೆ ಬಂದಿಳಿದರು. ಮೂವರಲ್ಲಿ ಇಬ್ಬರು ಸೈನಿಕರು, ಉಳಿದವರು ಹೆಂಗಸರು, ಮಕ್ಕಳು, ಮುದುಕರು. ದಡದಲ್ಲಿ ಅವರ ಹೇನು ತುಂಬಿದ ಬಟ್ಟೆ ಸುಟ್ಟು, ತಲೆ ಬೋಳಿಸಿ, ಸ್ನಾನ ಮಾಡಿಸಿದರು. ಎಷ್ಟೋ ಜನ ಅಲ್ಲೇ ತೀರಿಕೊಂಡರು. ಆ ಊರಿನಲ್ಲಿ ಪೋಲಿಷ್ ಸ್ಮಶಾನ ಇಂದಿಗೂ ಇದೆ. ಈ ನಿರಾಶ್ರಿತರಲ್ಲಿ ಸುಮಾರು 5,000 ಜನ ಮುಂದೆ ಕೊಲ್ಹಾಪುರದ ಪಕ್ಕದ ವಳಿವಡೆ ಶಿಬಿರದಲ್ಲಿ ವರ್ಷಗಟ್ಟಲೆ ಬಾಳಿದರು. ನಮ್ಮ ನಿಪ್ಪಾಣಿಗೆ ಅದು ಬಹಳ ದೂರದ ಜಾಗವೇನಲ್ಲ.

ಬ್ರಿಟಿಷರು ಇವರನ್ನು ಬರಮಾಡಿಕೊಂಡದ್ದು ಬರೀ ಕರುಣೆಯಿಂದಲ್ಲ. 1942ರ ಬೇಸಗೆಯಲ್ಲಿ ಜರ್ಮನ್ನರು ಕಾಕಸಸ್ ಕಡೆಗೆ ನುಗ್ಗುತ್ತಿದ್ದರು. ಇರಾಕ್ ಮತ್ತು ಇರಾನಿನ ತೈಲ ಕಾಯಲು ಆಳು ಬೇಕಿತ್ತು. ಹೀಗಾಗಿ ಇರಾಕಿನ ಮರಳಿನಲ್ಲಿ ತರಬೇತಿ ಶುರುವಾಯಿತು. ಸಲಕರಣೆಗೆ ಕೊರತೆ ಇರಲಿಲ್ಲ. ಬ್ರಿಟಿಷ್ ಫಿರಂಗಿ, ಅಮೆರಿಕದ ಶೆರ್ಮನ್ ಟ್ಯಾಂಕ್, ಲಾರಿ, ವೈರ್‌ಲೆಸ್, ಎಲ್ಲವೂ ಬಂತು. ಎತ್ತಿನ ಗಾಡಿಯ ಆಚೆ ಏನನ್ನೂ ಓಡಿಸದ ರೈತರ ಮಕ್ಕಳು ಚಾಲಕರಾದರು, ಮೆಕ್ಯಾನಿಕ್‌ಗಳಾದರು. ಮಲೇರಿಯದಿಂದ ನರಳುತ್ತಲೇ ಕಲಿತರು.

ಆದರೆ ಜನರ ಲೆಕ್ಕ ಹಾಕಿದಾಗ ಗಂಟು ಬಿಚ್ಚಿಕೊಳ್ಳಲಿಲ್ಲ. ಕಾಗದದ ಮೇಲಿದ್ದ ಡಿವಿಷನ್‌ಗಳನ್ನು ಒಂದರೊಳಗೊಂದು ಸೇರಿಸಿ ಕೊನೆಗೆ ಎರಡೇ ಕಾಲಾಳು ಡಿವಿಷನ್ ಉಳಿಸಿಕೊಂಡರು, 3ನೆಯ ಕಾರ್ಪೇಥಿಯನ್ ಮತ್ತು 5ನೆಯ ಕ್ರೆಸೋವಾ. ಬ್ರಿಟಿಷ್ ಡಿವಿಷನ್ ಎಂದರೆ ಮೂರು ಬ್ರಿಗೇಡ್, ಇವರದಕ್ಕೆ ಎರಡೇ. ಯುದ್ಧದಲ್ಲಿ ಮೂರನೆಯ ಬ್ರಿಗೇಡಿನ ಕೆಲಸ ಏನೆಂದರೆ, ಮುಂದಿನವರು ದಣಿದಾಗ ಜಾಗ ಬದಲಾಯಿಸುವುದು. ಅದಿಲ್ಲವೆಂದರೆ ಗೆಲ್ಲುವವರೆಗೂ ಅದೇ ಜನ, ಸೋಲುವವರೆಗೂ ಅದೇ ಜನ. ಇದರ ಮೇಲೆ ಒಳಗಿನ ಎಳೆದಾಟ ಬೇರೆ. ಸ್ಕಾಟ್ಲೆಂಡಿನ ಟ್ಯಾಂಕ್ ಡಿವಿಷನ್ನಿಗೆ, ವಾಯುಪಡೆಗೆ, ನೌಕಾಪಡೆಗೆ ಆಳು ಕಳುಹಿಸಿ ಎಂದು ಲಂಡನ್ನಿನಿಂದ ಸಿಕೋರ್ಸ್ಕಿ ಕೇಳುತ್ತಿದ್ದರು. ಇದ್ದ ಮುಷ್ಟಿಯಷ್ಟನ್ನೂ ಹಂಚಿದರೆ ಯಾವುದೂ ನಿಲ್ಲುವುದಿಲ್ಲ ಎಂಬುದು ಆಂಡರ್ಸ್‌ರ ವಾದ. ಹೆಂಗಸರು ಸಮವಸ್ತ್ರ ತೊಟ್ಟು ನರ್ಸ್‌ಗಳಾದರು, ಇಟಲಿಯ ಬೆಟ್ಟದ ರಸ್ತೆಗಳಲ್ಲಿ ಸೇನೆಯ ಲಾರಿಗಳನ್ನು ಓಡಿಸಿದರು. ಹಾಗೆ ಬಿಡುವಾದ ಪ್ರತಿ ಗಂಡಾಳೂ ಮುಂಚೂಣಿಗೆ. ಪ್ಯಾಲೆಸ್ಟೈನ್‌ನಲ್ಲಿ ಸುಮಾರು ಮೂರು ಸಾವಿರ ಯಹೂದಿ ಸೈನಿಕರು ತಮ್ಮ ಹೊಸ ನಾಡನ್ನು ಕಟ್ಟಲು ಪಡೆ ಬಿಟ್ಟುಹೋದರು. ಆಂಡರ್ಸ್ ಅವರನ್ನು ಬೆನ್ನಟ್ಟಲಿಲ್ಲ.

ಈಗ 1944ರ ಮಾರ್ಚ್ 24. ಇಟಲಿಯ ವಿಂಚಿಯತೂರೊ. ಆಂಡರ್ಸ್‌ರ ಸೈನ್ಯಕ್ಕೆ ಈಗ 2ನೆಯ ಪೋಲಿಷ್ ಕೋರ್ ಎಂದು ಹೆಸರು; ಕೋರ್ ಎಂದರೆ ಕೆಲವು ಡಿವಿಷನ್‌ಗಳ ಕೂಟ. ಅದರಲ್ಲಿ ಆಗ ಸುಮಾರು 50,000 ಜನ. ಬ್ರಿಟಿಷ್ 8ನೆಯ ಸೈನ್ಯದ ಸೇನಾಪತಿ ಆಲಿವರ್ ಲೀಸ್ ಆಂಡರ್ಸ್‌ರ ಠಾಣೆಗೆ ಬಂದರು. ಮುಂದಿನ ದೊಡ್ಡ ದಾಳಿಯಲ್ಲಿ ಮಾಂಟೆ ಕ್ಯಾಸಿನೊ ಬೆಟ್ಟವನ್ನೂ ಆಮೇಲೆ ಪಿಯೆದಿಮೊಂತೆ ಎಂಬ ಊರನ್ನೂ ಹಿಡಿಯುವ ಕೆಲಸ ಪೋಲಿಷರು ವಹಿಸಿಕೊಳ್ಳುವರೇ ಎಂದು ಕೇಳಿದರು. ಯೋಚಿಸಲು ಹತ್ತು ನಿಮಿಷ ಕೊಟ್ಟರು. ಅಮೆರಿಕನ್ನರು, ನ್ಯೂಜಿಲೆಂಡಿನವರು, ನಮ್ಮ 4ನೆಯ ಭಾರತೀಯ ಡಿವಿಷನ್ ಅದೇ ಬೆಟ್ಟಕ್ಕೆ ತಲೆ ಚಚ್ಚಿಕೊಂಡು ರಕ್ತ ಸುರಿಸಿ ಹಿಂದೆ ಸರಿದಿದ್ದರು. ಆಂಡರ್ಸ್ ತಮ್ಮ ಸಿಬ್ಬಂದಿಯ ಮುಖ್ಯಸ್ಥರೊಂದಿಗೆ ಮಾತನಾಡಿ, ಲಂಡನ್ನಿನ ತಮ್ಮ ಸರ್ವಸೇನಾಧಿಪತಿಯನ್ನು ಕೇಳದೆಯೇ, ಒಪ್ಪಿಕೊಂಡರು.

ಅವರ ಲೆಕ್ಕ ಇದು: ಕಣಿವೆಯಲ್ಲಿ ಹೋರಾಡಿದರೂ ಸಾವು ಕಡಿಮೆಯೇನಾಗದು; ಬೆಟ್ಟ ಗೆದ್ದರೆ ಇಡೀ ಜಗತ್ತು ನೋಡುತ್ತದೆ, ಪೋಲಿಷರು ಜರ್ಮನ್ನರ ವಿರುದ್ಧ ಹೋರಾಡಲು ಹಿಂಜರಿಯುತ್ತಾರೆ ಎಂಬ ಮಾಸ್ಕೋದ ಪ್ರಚಾರದ ಬಾಯಿ ಮುಚ್ಚುತ್ತದೆ. ಸಿಕೋರ್ಸ್ಕಿ 1943ರ ಜುಲೈನಲ್ಲಿ ಜಿಬ್ರಾಲ್ಟರ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಮೇಲೆ ಸರ್ವಸೇನಾಧಿಪತಿಯಾಗಿದ್ದ ಸೊಸ್ನ್‌ಕೋವ್ಸ್ಕಿಗೆ ಈ ತೀರ್ಮಾನ ಹಿಡಿಸಲಿಲ್ಲ. ಇರುವ ಒಂದೇ ಕೋರ್ ನೇರ ದಾಳಿಯಲ್ಲಿ ಸವೆದುಹೋದರೆ ಗತಿಯೇನು ಎಂಬ ಅವರ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೂ ನಾನು ಆಂಡರ್ಸ್ ಪಕ್ಷ. ನೆಲವಿಲ್ಲದ ದೇಶಕ್ಕೆ ಜಗತ್ತಿನ ಮುಂದೆ ಬಾಯಿ ಬಿಟ್ಟು ಕೇಳಲು ಏನಾದರೊಂದು ಹಕ್ಕು ಬೇಕಿತ್ತು.

ನೀವು ಕೇಳಿದ ಅಧಿಕಾರದ ಪ್ರಶ್ನೆಗೆ ಆ ಹತ್ತು ನಿಮಿಷದಲ್ಲೇ ಉತ್ತರವಿದೆ. ಒಬ್ಬ ಬ್ರಿಟಿಷ್ ಕೋರ್ ಸೇನಾಪತಿಗಾದರೆ ಲೀಸ್ ಅಪ್ಪಣೆ ಕೊಟ್ಟು ಎದ್ದುಹೋಗಬಹುದಿತ್ತು. ಪೋಲಿಷ್ ಸೇನಾಪತಿಯನ್ನು ಕೇಳಬೇಕಾಗಿತ್ತು, ಕೇಳಿದರು.

ದಾಳಿಯ ಸಿದ್ಧತೆ ಕತ್ತಲಲ್ಲೇ. ಹಗಲು ತಲೆ ಎತ್ತಿದರೆ ಜರ್ಮನ್ ಗುಂಡು. ರಾತ್ರಿ ಜೀಪುಗಳಲ್ಲಿ, ಆಮೇಲೆ ಸೈಪ್ರಸ್‌ನವರು ನಡೆಸುತ್ತಿದ್ದ ಹೇಸರಗತ್ತೆಗಳ ಮೇಲೆ, ಕೊನೆಗೆ ಮನುಷ್ಯರ ಬೆನ್ನ ಮೇಲೆ ನೀರು, ಮದ್ದುಗುಂಡು ಮೇಲೇರುತ್ತಿತ್ತು. ವೈರ್‌ಲೆಸ್‌ನಲ್ಲಿ ಪೋಲಿಷ್ ಮಾತು ಕೇಳಿಸಿದರೆ ಗುಟ್ಟು ರಟ್ಟಾಗುತ್ತದೆಂದು ಮೌನ. ಟ್ಯಾಂಕುಗಳಿಗೆ ದಾರಿಯಾದದ್ದು ಮಾರ್ಚ್‌ನ ಹೋರಾಟಕ್ಕೆಂದು ಭಾರತೀಯ ಮತ್ತು ನ್ಯೂಜಿಲೆಂಡಿನ ಇಂಜಿನಿಯರುಗಳು ಬಂಡೆ ಕಡಿದು ಮಾಡಿದ್ದ ಕ್ಯಾವೆಂಡಿಶ್ ರಸ್ತೆ. ಆ ಭಾರತೀಯ ಡಿವಿಷನ್ನಿನ ಇಂಜಿನಿಯರು ತುಕಡಿಗಳಲ್ಲಿ ಬೆಂಗಳೂರನ್ನೇ ಮನೆ ಮಾಡಿಕೊಂಡಿದ್ದ ಮದ್ರಾಸ್ ಸ್ಯಾಪರ್ಸ್‌ನವರೂ ಇದ್ದರು. ಅವರ ಸುಬೇದಾರ್ ಸುಬ್ರಮಣಿಯನ್ ಫೆಬ್ರವರಿ 24ರಂದು ಕ್ಯಾಸಿನೊ ಸಮೀಪದ ಮಿನ್ಯಾನೊದಲ್ಲಿ, ಜೊತೆಯವರನ್ನು ಉಳಿಸಲು ಸಿಡಿಯುತ್ತಿದ್ದ ನೆಲಬಾಂಬಿನ ಮೇಲೆ ಮೈಚೆಲ್ಲಿ ಪ್ರಾಣ ಕೊಟ್ಟರು. ಅವರಿಗೆ ಮರಣೋತ್ತರ ಜಾರ್ಜ್ ಕ್ರಾಸ್ ಬಂತು. ಬೆಂಗಳೂರಿನವರು ಕ್ಯಾಸಿನೊ ಎಂಬ ಹೆಸರು ಕೇಳಿದಾಗ ಇವರನ್ನೂ ನೆನೆಯಬೇಕು ಎಂಬುದು ನನ್ನ ಆಸೆ.

ಮೇ 11ರ ರಾತ್ರಿ ಫಿರಂಗಿಗಳು ಗುಡುಗಿದವು. ಕೆಳಗೆ ನದಿಯಲ್ಲಿ 8ನೆಯ ಭಾರತೀಯ ಡಿವಿಷನ್ ದಾಟುತ್ತಿದ್ದಾಗ ಮೇಲೆ ಪೋಲಿಷರು ಹತ್ತುತ್ತಿದ್ದರು. ಮೊದಲ ದಾಳಿ ಮುರಿದುಬಿತ್ತು. ಕೆಲವು ಬೆಟಾಲಿಯನ್‌ಗಳು ಒಂದೇ ರಾತ್ರಿಯಲ್ಲಿ ಅರೆಜೀವವಾದವು. ಮೇ 17ಕ್ಕೆ ಎರಡನೆಯ ದಾಳಿ. ಆಗ ಮೂರನೆಯ ಬ್ರಿಗೇಡಿನ ಕೊರತೆ ಕಣ್ಣಿಗೆ ಹೊಡೆಯಿತು. ಲಾರಿ ಚಾಲಕರು, ಟ್ಯಾಂಕ್ ನಿರೋಧಕ ಫಿರಂಗಿಯವರು, ವರ್ಕ್‌ಶಾಪಿನ ಮೆಕ್ಯಾನಿಕ್‌ಗಳು, ಅಡುಗೆಯವರು ಕೂಡ ರೈಫಲ್ ಹಿಡಿದು ಕಾಲಾಳುಗಳ ಸಾಲಿಗೆ ನಿಂತರು. ಮೇ 18ರ ಬೆಳಿಗ್ಗೆ ಪೊದೋಲಿಯನ್ ಲ್ಯಾನ್ಸರ್ಸ್ ಎಂಬ ಪೋಲಿಷ್ ಪಡೆಯ ತುಕಡಿಯೊಂದು ಬೆಟ್ಟದ ತುದಿಯ ಪಾಳುಬಿದ್ದ ಕ್ರೈಸ್ತ ಮಠದೊಳಗೆ ಹೊಕ್ಕು ತನ್ನ ಪತಾಕೆ ಏರಿಸಿತು. ಬೆಲೆ: 923 ಮಂದಿ ಸತ್ತರು, 2,931 ಮಂದಿ ಗಾಯಗೊಂಡರು, 345 ಮಂದಿ ಕಾಣೆಯಾದರು.

ಅಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ಮತ್ತೆ ಎದುರು ನಿಲ್ಲುತ್ತದೆ. ನಾಲ್ಕು ಸಾವಿರ ಜನರ ಜಾಗ ತುಂಬುವವರು ಯಾರು? ಬ್ರಿಟಿಷರಿಗೂ ಈ ಚಿಂತೆ ಇತ್ತು. ಮರುಭರ್ತಿ ಎದುರುಗಡೆಯಿಂದ, ರಣರಂಗದಿಂದಲೇ ಬರುತ್ತದೆ ಎಂಬುದು ಆಂಡರ್ಸ್‌ರ ಉತ್ತರ. ಎದುರುಗಡೆ ಎಂದರೆ ಜರ್ಮನ್ ಸೈನ್ಯ.

ಇದನ್ನು ಬಿಡಿಸಿ ಹೇಳಬೇಕು. ಸಿಲೇಸಿಯ, ಪೊಮರೇನಿಯ ಮುಂತಾದ ಪಶ್ಚಿಮ ಪೋಲೆಂಡಿನ ಪ್ರದೇಶಗಳನ್ನು ಹಿಟ್ಲರ್ ನೇರವಾಗಿ ಜರ್ಮನಿಗೆ ಸೇರಿಸಿಕೊಂಡಿದ್ದ. ಅಲ್ಲಿನ ಜನರನ್ನು 1941ರಿಂದ ಒಂದು ಜನಾಂಗೀಯ ಪಟ್ಟಿಯಲ್ಲಿ ನಾಲ್ಕು ದರ್ಜೆಗಳಾಗಿ ವಿಂಗಡಿಸಿದರು. ಪಟ್ಟಿಗೆ ಸೇರಲು ಒಪ್ಪದವರಿಗೆ ಶಿಬಿರದ ಬೆದರಿಕೆ. ಸೇರಿದವರ ಮಕ್ಕಳಿಗೆ ಜರ್ಮನ್ ಸಮವಸ್ತ್ರ. ಹೀಗೆ ಮನೆಯಲ್ಲಿ ಪೋಲಿಷ್ ಮಾತನಾಡುವ ಹುಡುಗರು ಆಫ್ರಿಕಾದಲ್ಲಿ, ಇಟಲಿಯಲ್ಲಿ, ನಾರ್ಮಂಡಿಯಲ್ಲಿ ಜರ್ಮನ್ ಬಂದೂಕು ಹಿಡಿದು ನಿಂತಿದ್ದರು. ಅವರು ಸೆರೆಯಾದಾಗ, ಇಲ್ಲವೇ ತಾವಾಗಿ ದಾಟಿ ಬಂದಾಗ, ಪೋಲಿಷ್ ಅಧಿಕಾರಿಗಳು ಸೆರೆ ಶಿಬಿರಗಳಿಗೆ ಹೋಗಿ ಮಾತನಾಡಿಸಿ ಆರಿಸಿಕೊಂಡರು. ಬೂದು ಬಣ್ಣದ ಕೋಟು ಬಿಚ್ಚಿ ಖಾಕಿ ತೊಡುವ ಮುಂಚೆ ಅವರಲ್ಲಿ ಅನೇಕರು ಒಂದು ಕೆಲಸ ಮಾಡುತ್ತಿದ್ದರು: ಹೆಸರು ಬದಲಾಯಿಸಿಕೊಳ್ಳುತ್ತಿದ್ದರು. ಮಗ ಪೋಲಿಷ್ ಸೈನ್ಯ ಸೇರಿದ ಸುದ್ದಿ ಮುಟ್ಟಿದರೆ ಊರಲ್ಲಿ ತಾಯಿ ತಂದೆಯ ಗತಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಪಶ್ಚಿಮದ ಪೋಲಿಷ್ ಪಡೆಗಳಲ್ಲಿ ಹೀಗೆ ಜರ್ಮನ್ ಸೈನ್ಯದಿಂದ ಬಂದವರು ಸುಮಾರು 89,000. ನಾರ್ಮಂಡಿಯಲ್ಲಿ ಕೆನಡಾದ ಸೈನ್ಯದಡಿ ಹೋರಾಡಿದ ಪೋಲಿಷ್ ಜನರಲ್ ಮಾಚೆಕ್‌ರ 1ನೆಯ ಟ್ಯಾಂಕ್ ಡಿವಿಷನ್ ಫಲೇಸ್ ಕಾಳಗದಲ್ಲಿ 1,400ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡೂ ಮತ್ತೆ ಎದ್ದು ನಿಂತು ಹಾಲೆಂಡಿನವರೆಗೆ ಹೋದದ್ದು ಇದರಿಂದ.

ಪೋಲೆಂಡಿನ ಒಳಗೇ ಜನ ಇರಲಿಲ್ಲವೇ ಎಂದು ಕೇಳಬಹುದು. ಇದ್ದರು, ಲಕ್ಷಗಟ್ಟಲೆ. ಭೂಗತ ಗೃಹಸೇನೆಯಲ್ಲಿ ಪ್ರಮಾಣ ಮಾಡಿದವರು ಮೂರೂವರೆ ಲಕ್ಷ ದಾಟಿದ್ದರು. ಆದರೆ ಇಡೀ ಯುದ್ಧದಲ್ಲಿ ವಿಮಾನದಿಂದ ಅವರಿಗೆ ಬಿದ್ದ ಸಾಮಗ್ರಿ 600 ಟನ್‌ನಷ್ಟು, ತರಬೇತಾದ ಪ್ಯಾರಾಚೂಟ್ ಯೋಧರು 316. ಬ್ರಿಟನ್ನಿನಿಂದ, ಆಮೇಲೆ ದಕ್ಷಿಣ ಇಟಲಿಯಿಂದ ಹಾರಿದರೂ ದೂರ ದೂರವೇ. ಆ ಸೇನೆಗೆ ದೊಡ್ಡ ಪ್ರಮಾಣದಲ್ಲಿ ಆಯುಧ ಕೊಡಿ ಎಂದು 1943ರಲ್ಲಿ ವಾಷಿಂಗ್ಟನ್ನಿನ ಮಿತ್ರಪಡೆಗಳ ಜಂಟಿ ಮುಖ್ಯಸ್ಥರನ್ನು ಕೇಳಿದಾಗ, ಅಷ್ಟು ವಿಮಾನಗಳಿಲ್ಲ ಎಂದು ಅವರು ನಿರಾಕರಿಸಿದರು. ಜನ ಇದ್ದಲ್ಲಿಗೆ ಆಯುಧ ಹೋಗಲಿಲ್ಲ, ಆಯುಧ ಇದ್ದಲ್ಲಿಗೆ ಜನ ಬರಲಿಲ್ಲ. ಪೋಲಿಷ್ ಸೇನಾ ಯೋಜನೆಯ ಸಂಕಟವನ್ನೆಲ್ಲ ನಾನು ಈ ಒಂದು ಮಾತಿನಲ್ಲಿ ಇಟ್ಟು ನೋಡುತ್ತೇನೆ.

ಬ್ರಿಟಿಷರೊಂದಿಗಿನ ವ್ಯವಹಾರದಲ್ಲಿ ನನಗೆ ಅತ್ಯಂತ ನೋವು ಕೊಡುವ ಪ್ರಕರಣ ಪೋಲಿಷ್ ಜನರಲ್ ಸೊಸಬೋವ್ಸ್ಕಿಯವರದು. ಅವರ ಪ್ಯಾರಾಚೂಟ್ ಬ್ರಿಗೇಡನ್ನು ಕಟ್ಟಿದ್ದೇ ಒಂದು ದಿನ ಪೋಲೆಂಡಿನಲ್ಲಿ ಇಳಿದು ಬಂಡಾಯಕ್ಕೆ ನೆರವಾಗಲು. 1944ರಲ್ಲಿ ಬ್ರಿಟಿಷರು ಒತ್ತಿ ಒತ್ತಿ ಅದನ್ನು ತಮ್ಮ ಯೋಜನೆಗೆ ಪಡೆದುಕೊಂಡರು. ಆಗಸ್ಟ್ 1ರಂದು ವಾರ್ಸಾ ದಂಗೆ ಎದ್ದಿತು. ಬ್ರಿಗೇಡ್ ಇಂಗ್ಲೆಂಡಿನಲ್ಲೇ ಕುಳಿತಿತ್ತು. ಸೆಪ್ಟೆಂಬರ್‌ನಲ್ಲಿ ವಿಮಾನದಿಂದ ಪಡೆ ಇಳಿಸಿ ಹಾಲೆಂಡಿನ ಆರ್ನಮ್ ಸೇತುವೆ ಹಿಡಿಯುವ ಯೋಜನೆ ಬಂದಾಗ, ಜರ್ಮನ್ನರ ಬಲವನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ ಎಂದು ಮುಖಕ್ಕೆ ಹೇಳಿದವರಲ್ಲಿ ಸೊಸಬೋವ್ಸ್ಕಿ ಒಬ್ಬರು. ಮಂಜಿನಿಂದ ತಡವಾಗಿ 21ರಂದು ಅವರ ಸುಮಾರು ಸಾವಿರ ಜನ ದ್ರೀಲ್ ಹಳ್ಳಿಯಲ್ಲಿ ಇಳಿದರು. ಅವರ ಟ್ಯಾಂಕ್ ನಿರೋಧಕ ಫಿರಂಗಿಗಳು ಮೊದಲೇ ಗ್ಲೈಡರ್‌ಗಳಲ್ಲಿ ನದಿಯ ಆಚೆ ದಡಕ್ಕೆ ಹೋಗಿಬಿಟ್ಟಿದ್ದವು. ದೋಣಿ ಇಲ್ಲ, ಸೇತುವೆ ಇಲ್ಲ. ರಬ್ಬರ್ ತೆಪ್ಪಗಳಲ್ಲಿ ಎರಡು ರಾತ್ರಿ ಗುಂಡಿನ ಮಳೆಯ ನಡುವೆ ಇನ್ನೂರರಷ್ಟು ಜನ ದಾಟಿದರು. ಸೋಲಿನ ಹೊಣೆಯಲ್ಲಿ ದೊಡ್ಡ ಪಾಲನ್ನು ಬ್ರಿಟಿಷ್ ಜನರಲ್ ಬ್ರೌನಿಂಗ್ ನವೆಂಬರ್‌ನ ಒಂದು ಪತ್ರದಲ್ಲಿ ಸೊಸಬೋವ್ಸ್ಕಿಯ ತಲೆಗೆ ಕಟ್ಟಿದರು. ಡಿಸೆಂಬರ್‌ನಲ್ಲಿ ಅವರನ್ನು ತಮ್ಮ ಬ್ರಿಗೇಡಿನಿಂದಲೇ ತೆಗೆದುಹಾಕಲಾಯಿತು. ಯುದ್ಧದ ನಂತರ ಅವರು ಲಂಡನ್ನಿನ ಕಾರ್ಖಾನೆಯೊಂದರಲ್ಲಿ ದುಡಿದು ಬದುಕಿದರು. ಡಚ್ ಸರ್ಕಾರ ಬ್ರಿಗೇಡಿಗೂ ಅವರಿಗೂ ಗೌರವ ಸಲ್ಲಿಸಿದ್ದು 2006ರಲ್ಲಿ.

ಹಾಗಾದರೆ ಪೋಲಿಷ್ ಸೇನಾಪತಿಗಳ ಮಾತಿಗೆ ಎಷ್ಟು ಬೆಲೆ? ಆಳು ಬೇಕಾದಾಗ ಬೆಲೆ ಇತ್ತು. 1945ರ ಫೆಬ್ರವರಿಯಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಸೇರಿದ್ದ ಯಾಲ್ಟಾ ಸಮ್ಮೇಳನ ಪೂರ್ವ ಪೋಲೆಂಡನ್ನು ಸೋವಿಯತ್‌ಗೆ ಬಿಟ್ಟುಕೊಟ್ಟಿತು. ಆಂಡರ್ಸ್‌ರ ಸೈನಿಕರಲ್ಲಿ ಬಹುಪಾಲು ಜನರ ಮನೆ ಇದ್ದದ್ದು ಅಲ್ಲೇ. ಕೋರನ್ನು ರಣರಂಗದಿಂದ ಹಿಂತೆಗೆಯುತ್ತೇನೆ ಎಂದು ಆಂಡರ್ಸ್ ಪಟ್ಟುಹಿಡಿದರು. ಬ್ರಿಟಿಷ್ 8ನೆಯ ಸೈನ್ಯದ ಹೊಸ ಸೇನಾಪತಿ ಮೆಕ್‌ಕ್ರೀರಿಯ ಬಳಿ ಆ ಜಾಗಕ್ಕೆ ನಿಲ್ಲಿಸಲು ಬೇರೆ ಪಡೆಯೇ ಇರಲಿಲ್ಲ. ಅದೇ ತಿಂಗಳ 21ರಂದು ಲಂಡನ್ನಿನಲ್ಲಿ ಆಂಡರ್ಸ್‌ರನ್ನು ಕಂಡ ಚರ್ಚಿಲ್ ಮಾತ್ರ ಸಿಡುಕಿದರು: ಈಗ ನಮ್ಮಲ್ಲಿ ಸಾಕಷ್ಟು ಸೈನ್ಯವಿದೆ, ನಿಮ್ಮ ಡಿವಿಷನ್‌ಗಳನ್ನು ಬೇಕಾದರೆ ತೆಗೆದುಕೊಂಡು ಹೋಗಿ ಎಂಬರ್ಥದ ಮಾತು ಆಂಡರ್ಸ್ ಬರೆದಿಟ್ಟಿದ್ದಾರೆ. ಮುಂಚೂಣಿಯಲ್ಲಿದ್ದ ಸೇನಾಪತಿಗೆ ಬೇಕಾದವರು ರಾಜಧಾನಿಯಲ್ಲಿದ್ದವರಿಗೆ ಬೇಡವಾಗಿದ್ದರು. ಕೊನೆಗೆ ಅಕ್ಕಪಕ್ಕದ ಪಡೆಗಳನ್ನು ನಡುನೀರಿನಲ್ಲಿ ಬಿಡಲಾರದೆ ಪೋಲಿಷರು ನಿಂತೇ ನಿಂತರು. ಏಪ್ರಿಲ್ 9ರಂದು ಸೆನಿಯೊ ನದಿಯ ದಾಳಿ ಶುರುವಾಗುವ ಮುನ್ನ ಮಿತ್ರಪಡೆಯದೇ ಬಾಂಬುಗಳು ತಪ್ಪಿ ಅವರ ಮೇಲೆ ಬಿದ್ದವು. ಆದರೂ ನದಿ ದಾಟಿದರು. ಏಪ್ರಿಲ್ 21ರಂದು ಬೊಲೊನ್ಯ ನಗರಕ್ಕೆ ಕಾಲಿಟ್ಟರು.

ಜರ್ಮನ್ ಸೈನ್ಯದಿಂದ ಬಂದವರು, ಶಿಬಿರಗಳಿಂದ ಬಿಡುಗಡೆಯಾದವರು ಸೇರುತ್ತಲೇ ಇದ್ದರು. 1945ರಲ್ಲಿ ಎರಡೂ ಕಾಲಾಳು ಡಿವಿಷನ್‌ಗಳಿಗೆ ಕೊನೆಗೂ ಮೂರನೆಯ ಬ್ರಿಗೇಡ್ ಬಂತು, ಟ್ಯಾಂಕ್ ಬ್ರಿಗೇಡ್ ಬೆಳೆದು ಡಿವಿಷನ್ ಆಯಿತು. 1946ರ ಹೊತ್ತಿಗೆ ಕೋರ್‌ನ ಸಂಖ್ಯೆ ಒಂದು ಲಕ್ಷ ದಾಟಿತ್ತು. ಆ ವರ್ಷವೇ ಬ್ರಿಟನ್ ಅದನ್ನು ವಿಸರ್ಜಿಸಲು ಪೋಲಿಷ್ ಪುನರ್ವಸತಿ ದಳ ರಚಿಸಿತು. ಸೋವಿಯತ್ ಬೆಂಬಲದ ವಾರ್ಸಾದ ಹೊಸ ಸರ್ಕಾರ ಸೆಪ್ಟೆಂಬರ್‌ನಲ್ಲಿ ಆಂಡರ್ಸ್‌ರ ಪೌರತ್ವ ಕಿತ್ತುಕೊಂಡಿತು. ಅವರು 1970ರ ಮೇ 12ರಂದು ಲಂಡನ್ನಿನಲ್ಲಿ ತೀರಿಕೊಂಡರು. ಅವರನ್ನು ಮಣ್ಣು ಮಾಡಿದ್ದು ಮಾಂಟೆ ಕ್ಯಾಸಿನೊದಲ್ಲಿ, ತಮ್ಮ ಸೈನಿಕರ ಸಾಲಿನಲ್ಲಿ.